ಛಾವಣಿ ಬಿಚ್ಚಿದವರು

“ಅಜ್ಜಿ ಇವತ್ತು ಬ್ರೆಡ್ ತಗೊಳ್ಳಲಿಲ್ಲ” ಎಂದು ರೆನಿಟಾ ಹೇಳಿದಾಗ ಮೇಜಿನ ಸುತ್ತ ಕೂತವರೆಲ್ಲ ಬಂಗುಡೆಯ ಮುಳ್ಳು ಬಿಡಿಸುವುದರಲ್ಲಿದ್ದರು. ಅದು ತಿಂಗಳ ಮೊದಲ ಭಾನುವಾರ. ದುಬೈಯ ಜೆಬೆಲ್ ಅಲಿಯ ಚರ್ಚ್ ಕಾಂಪೌಂಡಿನಲ್ಲಿ ಸಂಜೆಯ ಕನ್ನಡ ಆರಾಧನೆ ಮುಗಿಸಿ, ರೊಟ್ಟಿಯ ಚೂರು ಹಂಚುವ ಕರ್ತನ ಭೋಜನ ತೆಗೆದುಕೊಂಡು, ಅಲ್ ಕುಸೈಸಿನ ಫ್ಲ್ಯಾಟಿಗೆ ಮರಳುವಷ್ಟರಲ್ಲಿ ಎಲ್ಲರಿಗೂ ಹಸಿವಾಗಿತ್ತು.

ಯೂನಿಸಮ್ಮ ಮೊಮ್ಮಗಳ ತಟ್ಟೆಗೆ ಇನ್ನೊಂದು ಚೂರು ಮೀನು ಹಾಕಿದರು. “ಹೊಟ್ಟೆ ಸರಿ ಇರ್ಲಿಲ್ಲ ಮಗಾ.”

“ಬಟ್ ಇಟ್ಸ್ ಸೋ ಸ್ಮಾಲ್” ಎಂದಳು ರೆನಿಟಾ, ಎರಡು ಬೆರಳ ನಡುವೆ ಅಳತೆ ಹಿಡಿದು.

“ಹೊಟ್ಟೆ ಸರಿ ಇಲ್ಲದವರಿಗೆ ಮೂರು ಬಂಗುಡೆ ಹೇಗೆ ಹೋಯ್ತಮ್ಮ?” ಎಂದ ಕಿರಿಮಗ ವಿಕ್ಟರ್. ಅವನು ತಮಾಷೆಗೇ ಹೇಳಿದ್ದ. ಆದರೆ ಯಾರೂ ನಗಲಿಲ್ಲ. ಅವನ ಹೆಂಡತಿ ಸ್ವೀಡಲ್ ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ಯೂನಿಸಮ್ಮ ಎದ್ದು ಕೈತೊಳೆಯಲು ಹೋದರು.

ಹಿರಿಸೊಸೆ ಸುಪ್ರೀತಾ ಮಗಳು ರೆನಿಟಾಳ ಮೀನಿನ ಮುಳ್ಳು ತೆಗೆಯುತ್ತಾ ಸಂಜೆಯನ್ನು ನೆನಪಿಸಿಕೊಂಡಳು. ಪಾದ್ರಿಗಳು ಕರೆದಾಗ ಅತ್ತೆ, “ನೀನು ಹೋಗು, ಕಾಲು ಹಿಡಿದಿದೆ” ಎಂದಿದ್ದರು. ಇವಳು ಹೋಗಿದ್ದಳು, ರೊಟ್ಟಿ ತಿಂದಿದ್ದಳು, ಬಂದು ಕೂತಿದ್ದಳು. ಎಪ್ಪತ್ತು ದಾಟಿದ ಆ ಹೆಂಗಸು ಊರಿನ ಬಾಸೆಲ್ ಮಿಶನ್ ಚರ್ಚಿನಲ್ಲಿ ಜ್ವರವಿದ್ದರೂ ಭೋಜನ ತಪ್ಪಿಸಿದವರಲ್ಲ. ಇದು ತನಗೆ ಹೊಳೆಯಲೇ ಇಲ್ಲವಲ್ಲ ಎಂದು ಅವಳಿಗೆ ಆಶ್ಚರ್ಯವಾಯಿತು. ಈಚೆಗೆ ಅವಳಿಗೆ ಏನೂ ಹೊಳೆಯುತ್ತಿರಲಿಲ್ಲ. ಕೆಲಸಗಳು ಮಾತ್ರ ಹೊತ್ತಿಗೆ ಸರಿಯಾಗಿ ಆಗುತ್ತಿದ್ದವು. ನೋಡಿದವರು ಗಟ್ಟಿ ಹೆಣ್ಣು ಎನ್ನುತ್ತಿದ್ದರು.

ಅವಳ ಗಂಡ ಸುಶಾಂತ್ ರುವೈಸಿನ ರಿಫೈನರಿಯಲ್ಲಿ ಎಂಜಿನಿಯರ್ ಆಗಿದ್ದ. ಹಿಂದಿನ ಬೇಸಗೆಯಲ್ಲಿ ಶಿಫ್ಟಿನ ನಡುವೆ ಚಹಾ ಕುಡಿದು ಎದ್ದವನು ಅಲ್ಲೇ ಬಿದ್ದ, ಮತ್ತೆ ಏಳಲಿಲ್ಲ. ಹೆಣ ಊರಿಗೆ ಹೋಯಿತು. ಕಂಪನಿಯ ಮನೆ ಬಿಡಬೇಕಾಯಿತು. ವಿಕ್ಟರ್ ತನ್ನ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಒಂದನ್ನು ಅತ್ತಿಗೆಗೆ ಬಿಟ್ಟುಕೊಟ್ಟ. ರಸಾಯನಶಾಸ್ತ್ರದ ಎಂ.ಎಸ್ಸಿ. ಮಾಡಿ ಹತ್ತು ವರ್ಷ ಮನೆಯಲ್ಲಿದ್ದ ಸುಪ್ರೀತಾಳಿಗೆ ಮುಹೈಸ್ನಾದ ಒಂದು ಶಾಲೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಆ ಕೆಲಸದಿಂದ ಅವಳಿಗೂ ಮಗಳಿಗೂ ವೀಸಾ ಆಯಿತು. ಯೂನಿಸಮ್ಮ ವಿಸಿಟ್ ವೀಸಾದಲ್ಲಿ ಬಂದಿದ್ದರು. ಎರಡು ತಿಂಗಳಾದ ಮೇಲೆ ಮೂಲ್ಕಿಯ ತಂಗಿಯ ಮನೆಗೆ ಮರಳಬೇಕಿತ್ತು.

*

ಮರುದಿನ ಅಡುಗೆಮನೆಯಲ್ಲಿ ಸ್ವೀಡಲ್ ಅತ್ತೆಯನ್ನು ಬಿಡಲಿಲ್ಲ. ತೆಂಗಿನಕಾಯಿ ತುರಿಯುತ್ತಲೇ, ಭೋಜನ ಬಿಟ್ಟದ್ದಕ್ಕೆ ಕಾರಣ ಕೇಳಿದಳು, ಮನಸ್ಸಿನಲ್ಲಿ ಏನಾದರೂ ಪಾಪ ಕೊರೆಯುತ್ತಿದೆಯೇ ಎಂದು ಕೇಳಿದಳು. ಸ್ವೀಡಲ್ ಹುಟ್ಟಿದ್ದು ಶಿರ್ವದ ಕಥೋಲಿಕ ಮನೆಯಲ್ಲಿ. ಮದುವೆಯಾಗಿ ಬಂದ ಹೊಸತರಲ್ಲಿ ಶಾರ್ಜಾದ ಒಂದು ಹಂಚಿಕೊಂಡ ಫ್ಲ್ಯಾಟಿನ ಪರದೆಯ ಹಿಂದೆ ಅವಳ ಎರಡು ಬಸಿರು ಒಂದರ ಹಿಂದೊಂದು ಇಳಿದುಹೋಗಿದ್ದವು. ವಿಕ್ಟರ್ ಆಗ ಸೈಟಿನಲ್ಲಿದ್ದ. ಗಂಜಿ ತಂದುಕೊಟ್ಟು ತಲೆ ಬಾಚಿದವರು ಒಂದು ಪ್ರಾರ್ಥನಾ ಕೂಟದ ಹೆಂಗಸರು. ಅಲ್ಲಿಯೇ ಒಂದು ಶುಕ್ರವಾರ ತನಗೆ ರಕ್ಷಣೆಯಾಯಿತು ಎಂದು ಅವಳು ಇಂದಿಗೂ ನಿಸ್ಸಂಕೋಚವಾಗಿ ಹೇಳುತ್ತಿದ್ದಳು. ಯಾವ ಶುಕ್ರವಾರ ಎಂಬುದೂ ಅವಳಿಗೆ ಗೊತ್ತಿತ್ತು. ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಹಣೆಗೆ ಬಟ್ಟೆ ಹಾಕುತ್ತಾ ಕೂರುವವಳು ಅವಳೇ.

ಯೂನಿಸಮ್ಮ ಬೆಳ್ಳುಳ್ಳಿ ಸುಲಿಯುತ್ತಿದ್ದರು. “ನೀನು ಸುಳ್ಳು ಹೇಳುವವಳಲ್ಲ. ಒಂದು ಕೇಳ್ತೇನೆ. ನನ್ನ ಸುಶಾಂತ್ ಈಗ ಎಲ್ಲಿದ್ದಾನೆ?”

ಕಾಯಿ ತುರಿಯುವ ಸದ್ದು ನಿಂತಿತು. ಬಾಗಿಲ ಬಳಿ ಮಗಳ ಯೂನಿಫಾರ್ಮ್ ಇಸ್ತ್ರಿ ಮಾಡುತ್ತಿದ್ದ ಸುಪ್ರೀತಾ ಕೈ ನಿಲ್ಲಿಸಲಿಲ್ಲ.

“ಬಾವ ಒಳ್ಳೆಯವರೇ ಮಾಮಿ.”

“ಒಳ್ಳೆಯವ ಅಂತ ನಂಗೆ ಗೊತ್ತುಂಟು. ಹೆತ್ತವಳು ನಾನು. ಎಲ್ಲಿದ್ದಾನೆ ಅಂತ ಕೇಳಿದ್ದು.”

ಸ್ವೀಡಲ್ ತುರಿದ ಕಾಯಿಯನ್ನು ಬಟ್ಟಲಿಗೆ ಸರಿಸಿದಳು. “ಅವರು ಬಾಯಿಬಿಟ್ಟು ಒಪ್ಪಿಕೊಂಡಿರ್ಲಿಲ್ಲ ಅಲ್ವಾ ಮಾಮಿ. ನಂಬುವುದು ಅವರವರೇ ನಂಬಬೇಕು.”

“ಮೂರು ತಿಂಗಳ ಮಗು ಇರುವಾಗ ದೀಕ್ಷಾಸ್ನಾನ ಕೊಡಿಸಿದ್ದೇನೆ.”

“ಅದು ನಿಮ್ಮ ಇಷ್ಟ. ಮಗುವಿಗೆ ಎಂತ ಗೊತ್ತು? ನಮ್ಮ ಕೂಟದಲ್ಲಿ ಅದು ಲೆಕ್ಕಕ್ಕಿಲ್ಲ, ದೊಡ್ಡವರಾಗಿ ನಂಬಿ ನೀರಲ್ಲಿ ಮುಳುಗಬೇಕು.”

ಮಾತು ಆಡಿದ ಮೇಲೆ ಸ್ವೀಡಲಳ ಕಣ್ಣಲ್ಲಿ ನೀರು ಬಂತು. ಕೇಳಿದ್ದಕ್ಕೆ ಹೇಳಿದೆ, ಬೇಜಾರು ಮಾಡಬೇಡಿ ಎಂದು ಅತ್ತೆಯ ಕೈ ಹಿಡಿದಳು. ಯೂನಿಸಮ್ಮ ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ. ಏನೋ ಲೆಕ್ಕ ಹಾಕುವವರಂತೆ ಬೆಳ್ಳುಳ್ಳಿಯ ಸಿಪ್ಪೆಯನ್ನು ಬೆರಳಲ್ಲಿ ಒಟ್ಟುಮಾಡುತ್ತಿದ್ದರು.

ಸುಶಾಂತ್ ಬಾಯಿಬಿಟ್ಟು ಒಪ್ಪಿಕೊಂಡಿರಲಿಲ್ಲ ಎಂಬುದು ನಿಜ. ಹದಿನೈದನೆಯ ವಯಸ್ಸಿನಲ್ಲಿ ಎಲ್ಲ ಮಕ್ಕಳೊಂದಿಗೆ ಅವನನ್ನೂ, ನಂಬಿಕೆಯನ್ನು ಸ್ವಂತ ಬಾಯಲ್ಲಿ ಒಪ್ಪಿಕೊಳ್ಳಲು ಕಲಿಸುವ ದೃಢೀಕರಣದ ತರಗತಿಗೆ ಕಳಿಸಿದ್ದರು. ಅಲ್ಲಿ ಅವನು, ತುಳಸಿಗೆ ದೀಪ ಇಡುವ ಪಕ್ಕದ ಮನೆಯ ಲೋಲಾಕ್ಷಿ ಅಜ್ಜಿ ಸತ್ತ ಮೇಲೆ ಎಲ್ಲಿಗೆ ಹೋಗುತ್ತಾರೆ ಎಂದು ಪಾದ್ರಿಗಳನ್ನು ಕೇಳಿದ. ಸುಮ್ಮನೆ ಕೂರು ಎಂದರು. ಎದ್ದು ಬಂದವನು ಮತ್ತೆ ಆ ತರಗತಿಗೆ ಹೋಗಲಿಲ್ಲ. ದೃಢೀಕರಣ ಆಗದವರಿಗೆ ಭೋಜನ ಇಲ್ಲ. ಹಾಗಾಗಿ ಮದುವೆಯ ನಂತರವೂ ಚರ್ಚಿನಲ್ಲಿ ಸುಪ್ರೀತಾ ಪೀಠದ ಬಳಿ ಹೋದಾಗ ಅವನು ಬೆಂಚಿನಲ್ಲಿ ಅವಳ ಕೈಚೀಲ ಕಾಯುತ್ತಾ ಕೂತಿರುತ್ತಿದ್ದ. ಯಾಕೆ ಎಂದು ಅವಳು ಒಮ್ಮೆ ಕೇಳಿದ್ದಳು. “ಪ್ರಶ್ನೆಗೆ ಇನ್ನೂ ಉತ್ತರ ಬರ್ಲಿಲ್ಲ” ಎಂದು ನಕ್ಕಿದ್ದ. ಎರಡನೆಯ ಸಲ ಅವಳು ಕೇಳಲಿಲ್ಲ. ಕೇಳಬೇಕಿತ್ತು ಎಂದು ಈಗ ಇಸ್ತ್ರಿಪೆಟ್ಟಿಗೆಯ ಮುಂದೆ ಅನ್ನಿಸಿತು.

*

ಕಣ್ಣಿನ ಪೊರೆಯಿಂದ ಯೂನಿಸಮ್ಮನಿಗೆ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ಶಾಲೆಯಿಂದ ಬಂದು ಚಹಾ ಕುಡಿದ ಮೇಲೆ ಸುಪ್ರೀತಾ ಅವರಿಗೆ ಸತ್ಯವೇದದ ಒಂದು ಅಧ್ಯಾಯ ಓದುವುದು ರೂಢಿಯಾಗಿತ್ತು. ಮೊದಲೆಲ್ಲ ಕೀರ್ತನೆಗಳನ್ನು ಓದಿಸುತ್ತಿದ್ದವರು ಈಗ ಅಲ್ಲಿ ಇಲ್ಲಿ ಹಾರಿ ಕೇಳತೊಡಗಿದರು. ಒಂದು ದಿನ ಆಳಿನ ರೋಗ ವಾಸಿಮಾಡೆಂದು ಬೇಡಿದ ಶತಾಧಿಪತಿಯ ಕಥೆ. ಇನ್ನೊಂದು ದಿನ ಮೇಜಿನಿಂದ ಬಿದ್ದ ಚೂರಾದರೂ ಸಾಕು ಎಂದು ಮಗಳಿಗಾಗಿ ಹಟ ಹಿಡಿದ ಕಾನಾನ್ಯ ಹೆಂಗಸು. ಆಮೇಲೆ ಸಾಯುತ್ತಿದ್ದ ಮಗಳಿಗಾಗಿ ಕಾಲಿಗೆ ಬಿದ್ದ ಯಾಯೀರ. ಆಮೇಲೆ ಸತ್ತು ಸಮಾಧಿಯಿಂದ ಎದ್ದುಬಂದ ಮಾರ್ಥಳ ತಮ್ಮ.

ಸುಪ್ರೀತಾ ಓದುವುದನ್ನು ಕೆಲಸವೆಂದೇ ಓದುತ್ತಿದ್ದಳು. ಲ್ಯಾಬಿನಲ್ಲಿ ಬಾಟಲಿಯ ಚೀಟಿ ಓದುವ ಹಾಗೆ, ಒಂದಕ್ಷರ ಬಿಡದೆ. ಒಂದು ಸಂಜೆ ಓದುತ್ತಾ ಓದುತ್ತಾ ಅವಳಿಗೆ ಕುತೂಹಲ ಹುಟ್ಟಿತು. ಅತ್ತೆ ಆರಿಸಿಕೊಂಡ ಕಥೆಗಳಲ್ಲೆಲ್ಲ ಬೇಡುವವರು ಒಬ್ಬರು, ಪಡೆಯುವವರು ಇನ್ನೊಬ್ಬರು. ಪಡೆಯುವವರು ಮಲಗಿರುತ್ತಾರೆ, ಇಲ್ಲವೇ ದೂರದ ಮನೆಯಲ್ಲಿರುತ್ತಾರೆ, ಇಲ್ಲವೇ ಸತ್ತಿರುತ್ತಾರೆ. ಅವರ ಬಾಯಿಂದ ಒಂದು ಮಾತೂ ಇಲ್ಲ.

ಅವತ್ತು ರೆನಿಟಾಳೂ ಮಂಚದ ಮೇಲೆ ಕಾಲು ಚಾಚಿ ಕೇಳುತ್ತಿದ್ದಳು. ಪಾರ್ಶ್ವವಾಯು ಬಡಿದವನನ್ನು ನಾಲ್ವರು ಹೊತ್ತುಕೊಂಡು ಬಂದು, ಬಾಗಿಲಲ್ಲಿ ಜನ ಕಿಕ್ಕಿರಿದಿದ್ದರಿಂದ ಛಾವಣಿ ಬಿಚ್ಚಿ, ಹಾಸಿಗೆ ಸಮೇತ ಅವನನ್ನು ಯೇಸುವಿನ ಮುಂದೆ ಇಳಿಸಿದ ಕಥೆ.

“ಅದು ಯಾರ ಮನೆ?” ಎಂದಳು ರೆನಿಟಾ.

“ಯಾರದೋ.”

“ರೂಫ್ ಒಡೆದದ್ದಕ್ಕೆ ಓನರ್ ಬೈಲಿಲ್ವಾ? ಆಮೇಲೆ ಯಾರು ಸರಿ ಮಾಡಿದ್ದು?”

“ಅದನ್ನು ಬರೆದಿಲ್ಲ” ಎಂದಳು ಸುಪ್ರೀತಾ. ರೆನಿಟಾಳಿಗೆ ಸಮಾಧಾನವಾಗಲಿಲ್ಲ. ಈ ಮನೆಯಲ್ಲಿ ಗೋಡೆಗೆ ಒಂದು ಮೊಳೆ ಹೊಡೆದರೂ ಡೆಪಾಸಿಟ್ ಹೋಗುತ್ತದೆ ಎಂದು ಚಿಕ್ಕಪ್ಪ ಹೇಳಿದ್ದನ್ನು ನೆನಪಿಸಿದಳು. ಯೂನಿಸಮ್ಮ ಮಾತ್ರ ಅತ್ತ ಗಮನ ಕೊಡದೆ, ನಾಳೆ ಕೊರಿಂಥದವರಿಗೆ ಬರೆದ ಮೊದಲ ಪತ್ರದ ಹದಿನೈದನೆಯದು ಓದು ಎಂದರು. ಅದು ಹೂಳುವಾಗ ಓದುವ ಅಧ್ಯಾಯ. ಸುಶಾಂತನಿಗೂ ಅದನ್ನೇ ಓದಿದ್ದರು.

ಮರುದಿನ ಅದನ್ನು ಓದುವಾಗ ಅರ್ಧದ ಆಚೆ ಒಂದು ಕಡೆ ಯೂನಿಸಮ್ಮ ಅವಳನ್ನು ತಡೆದರು. ಸತ್ತವರಿಗಾಗಿ ದೀಕ್ಷಾಸ್ನಾನ ಮಾಡಿಸಿಕೊಳ್ಳುವವರ ಬಗ್ಗೆ ಆ ಪತ್ರ ಬರೆದ ಪೌಲ ದಾರಿಯಲ್ಲಿ ಹೋಗುತ್ತಾ ಆಡಿದಂಥ ಒಂದು ಮಾತು ಅಲ್ಲಿತ್ತು. “ಇನ್ನೊಮ್ಮೆ ಓದು” ಎಂದರು. ಓದಿದಳು. “ಸರಿ, ಮುಂದೆ ಹೋಗು” ಎಂದರು.

*

ಆ ವಾರದ ಕೊನೆಗೆ ನೌಶಾದ್ ಬಂದ. ಉಳ್ಳಾಲದವನು, ರುವೈಸಿನಲ್ಲಿ ಸುಶಾಂತನ ಜೊತೆ ಒಂದೇ ಶಿಫ್ಟಿನಲ್ಲಿದ್ದವನು. ರಜೆಗೆ ದುಬೈಗೆ ಬಂದಾಗಲೆಲ್ಲ ದೇರಾದ ಮಾರುಕಟ್ಟೆಯಿಂದ ಮೀನು ತಂದುಕೊಟ್ಟು ಹೋಗುತ್ತಿದ್ದ. ಒಳಗೆ ಬಾ ಎಂದರೂ ಬಾಗಿಲಲ್ಲೇ ನಿಂತು ಮಾತಾಡಿ ಹೋಗುವ ಸಂಕೋಚದವನು. ಅಂದು ಯೂನಿಸಮ್ಮ ಅವನನ್ನು ಕೂರಿಸಿ ಚಹಾ ಕೊಟ್ಟು, ಮಗ ಕೊನೆಯಲ್ಲಿ ಏನಾದರೂ ಹೇಳಿದನೇ ಎಂದು ಕೇಳಿದರು. ದೇವರ ಹೆಸರೇನಾದರೂ ಬಂತೇ?

ನೌಶಾದ್ ಲೋಟ ಕೆಳಗಿಟ್ಟ. ಚಹಾಕ್ಕೆ ಸಕ್ಕರೆ ಜಾಸ್ತಿಯಾಗಿದೆ ಎಂದು ಬೈದದ್ದೇ ಕೊನೆಯ ಮಾತು ಎಂದ.

“ಪ್ರಾರ್ಥನೆ ಮಾಡುವುದು ನೋಡಿದ್ದೀಯಾ? ಯಾವಾಗಾದ್ರೂ?”

“ನಾನು ನಮಾಜಿಗೆ ಹೋದಾಗ ನನ್ನ ಕೆಲಸ ಅವನು ನೋಡಿಕೊಳ್ತಿದ್ದ ಅಮ್ಮ. ಅವನ ಪ್ರಾರ್ಥನೆ ಯಾವಾಗ ಅಂತ ನಾನು ಕೇಳಿದವನಲ್ಲ.” ಮತ್ತೆ ಹೇಳಿದ, “ಹೌದು ಅಂದ್ರೆ ನಿಮಗೆ ಸಮಾಧಾನ ಆಗ್ತಿತ್ತೋ ಏನೋ. ಆದ್ರೆ ಅವನ ವಿಷಯದಲ್ಲಿ ಸುಳ್ಳು ಹೇಳ್ಲಿಕ್ಕೆ ನನ್ನಿಂದ ಆಗುವುದಿಲ್ಲ.”

ಯೂನಿಸಮ್ಮ ಅವನ ಭುಜ ತಟ್ಟಿ, ಮಕ್ಕಳಿಗೆಂದು ಒಂದು ಡಬ್ಬಿ ಚಕ್ಕುಲಿ ಕಟ್ಟಿಕೊಟ್ಟರು. ಅವನು ಹೋದ ಮೇಲೆ ಸ್ವೀಡಲ್ ಮೀನು ಶುಚಿಮಾಡುತ್ತಿದ್ದಲ್ಲಿಗೆ ಹೋಗಿ ನಿಂತರು.

“ನಿಮ್ಮ ಪಾಸ್ಟರಿಗೆ ಹೇಳು. ನಾನು ಮುಳುಗ್ತೇನೆ.”

ಸ್ವೀಡಲ್ ಮೀನಿನ ಕೈಯಲ್ಲೇ ಅತ್ತೆಯನ್ನು ತಬ್ಬಿಕೊಂಡಳು.

ಮನೆಯಲ್ಲಿ ಜಗಳ ಶುರುವಾದದ್ದು ವಿಕ್ಟರ್ ಬಂದ ಮೇಲೆ. ಅವನು ಹಾಗೆ ನೋಡಿದರೆ ಚರ್ಚಿನ ವಿಷಯದಲ್ಲಿ ಅಷ್ಟಕ್ಕಷ್ಟೆ. ಆದರೆ ತಾಯಿಗೆ ಎರಡನೆಯ ದೀಕ್ಷಾಸ್ನಾನ ಎಂದಾಗ ಅವನೊಳಗಿನ ಬಾಸೆಲ್ ಮಿಶನ್ ಎದ್ದು ನಿಂತಿತು. ತನ್ನ ಮುತ್ತಜ್ಜ ಹಂಚಿನ ಕಾರ್ಖಾನೆಯ ಕಾಲದಿಂದ ಕ್ರೈಸ್ತ, ಊರಿನ ಚರ್ಚಿನ ಗಂಟೆಗೆ ಹಣ ಕೊಟ್ಟ ಮನೆತನ, ಇದೆಲ್ಲ ಹೊರಗೆ ಬಂತು.

“ಕೊಟ್ಟ ಸ್ನಾನ ಸಾಲದು ಅಂತ ಮತ್ತೊಮ್ಮೆ ಅದ್ದಲಿಕ್ಕೆ ಅಮ್ಮ ಏನು ಚಾಯದ ಬಿಸ್ಕೆಟಾ?”

“ತಮಾಷೆ ಮಾಡ್ಬೇಡಿ. ಅವರೇ ಕೇಳಿದ್ದು. ಕೇಳಿ ಅವರನ್ನು.”

“ನೀನು ದಿನಾ ಕಿವಿಯಲ್ಲಿ ಊದಿದ್ರೆ ಕೇಳದೆ ಎಂತ ಮಾಡ್ತಾರೆ? ಅಣ್ಣನ ವಿಷಯ ಹೇಳಿ ಹೆದರಿಸಿದ್ದು ನೀನು.”

“ಹೆದರಿಸಿದ್ದಲ್ಲ. ಅವರು ಕೇಳಿದ್ರು. ನೀವಾದ್ರೆ ಸುಳ್ಳು ಹೇಳ್ತಿದ್ರಿ.”

“ಹೌದು, ಹೇಳ್ತಿದ್ದೆ. ಮುದುಕಿ ನಿದ್ದೆ ಮಾಡ್ಲಿ ಅಂತ ಹೇಳ್ತಿದ್ದೆ.”

ಯೂನಿಸಮ್ಮ ಖುಬೂಸ್ ರೊಟ್ಟಿ ಹರಿದು ಮೀನುಸಾರಿಗೆ ಅದ್ದುತ್ತಿದ್ದರು. “ಖಲಾಸ್” ಎಂದರು. ಬಂದ ಎರಡೇ ವಾರಕ್ಕೆ ಕಲಿತ ಅರಬಿ ಪದ ಅದು. “ನಾನು ಹೇಳಿಯಾಯ್ತು. ಮೊದಲ ಭಾನುವಾರ.” ಆಮೇಲೆ ಸುಪ್ರೀತಾಳ ಕಡೆ ತಿರುಗಿ, “ನಿನ್ನದು ಏನಾದ್ರೂ ಉಂಟಾ?” ಎಂದರು.

ಎಲ್ಲರೂ ಅವಳನ್ನು ನೋಡಿದರು. ಅವಳಿಗೆ ತಿಳಿಯುವ ಆಸೆ ಇತ್ತು. ಭೋಜನದ ದಿನ ತುಂಡು ರೊಟ್ಟಿಯನ್ನೇ ಬೇಡವೆಂದವರು ಈಗ ಇಡೀ ನೀರಿಗೆ ಇಳಿಯುತ್ತೇನೆ ಎನ್ನುತ್ತಾರೆ. ಈ ಎರಡರ ನಡುವೆ ಏನೋ ಬಿಟ್ಟುಹೋಗಿದೆ.

“ನಾನೂ ಬರ್ತೇನೆ ಮಾಮಿ. ನೋಡ್ಲಿಕ್ಕೆ” ಎಂದಳು.

*

ಜೆಬೆಲ್ ಅಲಿಯ ಆ ಕಾಂಪೌಂಡಿನಲ್ಲಿ ಭಾನುವಾರ ಒಂದೊಂದು ಹಾಲಿನಲ್ಲೂ ಗಂಟೆಗೊಂದು ಭಾಷೆ. ಫಿಲಿಪಿನೋಗಳು ಹಾಡು ಮುಗಿಸಿ ಗಿಟಾರ್ ಚೀಲ ಹಾಕಿಕೊಂಡು ಹೊರಗೆ ಬರುವಾಗ ತಮಿಳಿನವರು ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಾರೆ. ಅವರ ಹಿಂದೆ ಉರ್ದುವಿನವರು ಕಾದಿರುತ್ತಾರೆ. ಕುರ್ಚಿಗಳು ಮಾತ್ರ ಎಲ್ಲರಿಗೂ ಅವೇ. ಸ್ವೀಡಲಳ ಕೂಟದವರಿಗೆ ಮಧ್ಯಾಹ್ನದ ನಂತರ ಕೆಳಗಿನ ಹಾಲು ಸಿಕ್ಕಿತ್ತು. ಅದು ಮುಗಿಯುವ ಹೊತ್ತಿಗೆ ಮೇಲಿನ ಹಾಲಿನಲ್ಲಿ ಕನ್ನಡ ಆರಾಧನೆ.

ಹಾಲಿನ ಹಿಂದೆ ಟೈಲ್ಸ್ ಹಾಕಿದ ಒಂದು ತೊಟ್ಟಿ, ಇಳಿಯಲು ಮೆಟ್ಟಿಲು. ಶಾರ್ಜಾದ ಒಬ್ಬ ನರ್ಸಿಗೂ ಒಂದು ಗಂಡಹೆಂಡಿರ ಜೋಡಿಗೂ ಆದ ಮೇಲೆ ಯೂನಿಸಮ್ಮನ ಸರದಿ. ಸ್ವೀಡಲ್ ತಾನೇ ಹೊಲಿದ ಬಿಳಿ ನಿಲುವಂಗಿ ತೊಡಿಸಿದ್ದಳು. ಪಾಸ್ಟರ್ ಪೂವಪ್ಪ ಸೊಂಟದವರೆಗಿನ ನೀರಲ್ಲಿ ನಿಂತು ಕೈ ಚಾಚಿ ಅವರನ್ನು ಇಳಿಸಿಕೊಂಡರು. ಪುತ್ತೂರು ಕಡೆಯವರು, ಬಹಳ ವರ್ಷ ಇಲ್ಲಿ ಹಣ ಬದಲಾಯಿಸುವ ಕಚೇರಿಯಲ್ಲಿದ್ದವರು, ಮೆತ್ತಗಿನ ಮಾತಿನವರು.

“ಅಮ್ಮ, ಯೇಸುವನ್ನು ರಕ್ಷಕ ಅಂತ ನಂಬ್ತೀರಾ?”

“ನಂಬ್ತೇನೆ.”

“ನಿಮ್ಮ ಪೂರ್ತಿ ಹೆಸರು ಹೇಳಿ.”

“ಸುಶಾಂತ್ ಪ್ರಭಾಕರ ಕರ್ಕಡ.”

ಪಾಸ್ಟರು ಮುಗುಳ್ನಕ್ಕರು. “ನಿಮ್ಮ ಹೆಸರು ಅಮ್ಮ.”

“ಇದು ಅವನಿಗೆ.” ಯೂನಿಸಮ್ಮನ ಧ್ವನಿ ಊರಿನ ಅಂಗಡಿಯಲ್ಲಿ ಸಾಮಾನು ಕೇಳುವಾಗಿನಷ್ಟೇ ಸಹಜವಾಗಿತ್ತು. “ಚಿಕ್ಕಂದಿನಲ್ಲಿ ಕೊಟ್ಟದ್ದು ಲೆಕ್ಕಕ್ಕಿಲ್ಲ ಅಂತ ನೀವು ಹೇಳ್ತೀರಿ. ಹಾಗಾದ್ರೆ ಅವನದ್ದೂ ಬಾಕಿ, ನನ್ನದೂ ಬಾಕಿ. ಒಬ್ಬರಿಗೆ ಒಂದೇ ಸಲ ಅಲ್ವಾ ಇದು? ನನ್ನದು ಅವನಿಗೆ ಇರ್ಲಿ.”

ದಡದಲ್ಲಿ ಹಾಡುತ್ತಿದ್ದವರು ನಿಲ್ಲಿಸಿದರು. ಸ್ವೀಡಲ್ ಬಾಯಿಗೆ ಕೈಹಿಡಿದಳು. ಸುಪ್ರೀತಾಳಿಗೆ ಬಿಟ್ಟುಹೋಗಿದ್ದ ತುಂಡು ಸಿಕ್ಕಿತ್ತು. ಅತ್ತೆ ಭೋಜನ ಬಿಟ್ಟದ್ದು ಅನುಮಾನದಿಂದಲ್ಲ. ಮಗನಿಗೆ ಸಿಗದ ಊಟ ತನಗೂ ಬೇಡವೆಂದು.

“ಇನ್ನೊಬ್ಬರಿಗಾಗಿ ಇದನ್ನು ಕೊಡ್ಲಿಕ್ಕೆ ಆಗುವುದಿಲ್ಲ ಅಮ್ಮ.”

“ಪೌಲ ಬರೆದಿದ್ದಾನೆ. ನನ್ನ ಸೊಸೆ ಎರಡೆರಡು ಸಲ ಓದಿದ್ದಾಳೆ.”

ಪೂವಪ್ಪ ಸುಪ್ರೀತಾಳನ್ನು ನೋಡಿದರು. ಅವಳು ತಲೆಯಾಡಿಸಿದಳು. ಅವರು ನೀರಿನಲ್ಲೇ ನಿಂತು, ಅಂಥದ್ದೊಂದು ಮಾತು ಇದೆ ಎಂದು ಒಪ್ಪಿಕೊಂಡರು. ಆ ಜನ ಏನು ಮಾಡುತ್ತಿದ್ದರೋ ಯಾರಿಗೂ ಸರಿಯಾಗಿ ಗೊತ್ತಿಲ್ಲ, ನೀವೂ ಹಾಗೆ ಮಾಡಿ ಎಂದು ಪೌಲ ಹೇಳಿಯೂ ಇಲ್ಲ, ಇಲ್ಲದ್ದನ್ನು ತಾನು ಹೇಳಲಾರೆ ಎಂದರು. “ರಕ್ಷಣೆಯನ್ನು ಒಬ್ಬರು ಇನ್ನೊಬ್ಬರಿಗೆ ಬಿಟ್ಟುಕೊಡ್ಲಿಕ್ಕೆ ಆಗುವುದಿಲ್ಲ ಅಮ್ಮ. ಹಾಗೆ ತನ್ನನ್ನೇ ಬಿಟ್ಟುಕೊಟ್ಟವ ಒಬ್ಬನೇ.”

“ಹಾಗಾದ್ರೆ ನಂಗೂ ಬೇಡ” ಎಂದರು ಯೂನಿಸಮ್ಮ. “ಅವನಿಲ್ಲದ ಕಡೆ ಹೋಗಿ ನಾನು ಒಬ್ಬಳೇ ಎಂತ ಮಾಡ್ಲಿ?”

ಮೆಟ್ಟಿಲು ಹತ್ತಲು ಹೋದವರ ಕಾಲಿಗೆ ನೆನೆದ ನಿಲುವಂಗಿ ಸುತ್ತಿಕೊಂಡಿತು. ಸುಪ್ರೀತಾ ಶೂ ಬಿಚ್ಚಲು ಮರೆತು ತೊಟ್ಟಿಗೆ ಇಳಿದಳು. ಬಿಸಿಲಿಗೆ ಕಾದ ನೀರು ಮೊಣಕಾಲಿಗೆ ತಾಗಿದಾಗ ಬೆಚ್ಚಗಿದೆ ಎಂದು ಅವಳಿಗೆ ತಿಳಿಯಿತು. ಅಷ್ಟು ಸಣ್ಣ ಸಂಗತಿ ಸ್ಪಷ್ಟವಾಗಿ ತಿಳಿದು ಎಷ್ಟೋ ದಿನವಾಗಿತ್ತು.

*

ಹಾಲಿನ ಹಿಂದಿನ ಕೋಣೆಯಲ್ಲಿ ಯೂನಿಸಮ್ಮ ಸೀರೆ ಉಟ್ಟು, ಹೆಗಲಿಗೆ ಟವೆಲ್ ಹೊದ್ದು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಸ್ವೀಡಲ್ ಮಿಶಿನಿನಿಂದ ಚಹಾ ತಂದಳು. ಅವಳ ಮೂಗು ಕೆಂಪಾಗಿತ್ತು. ಮಾನ ಹೋಯಿತು ಎಂದು ಬಯ್ಯುತ್ತಾಳೆ ಎಂದು ಸುಪ್ರೀತಾ ಅಂದುಕೊಂಡಿದ್ದಳು. ಅವಳು ಅತ್ತೆಯ ಪಾದ ಒರೆಸತೊಡಗಿದಳು. ಪಾಸ್ಟರು ಬಾಗಿಲಲ್ಲಿ ನಿಂತಿದ್ದರು.

“ಮಾಮಿ, ಛಾವಣಿ ಬಿಚ್ಚಿದವರ ಕಥೆ ನೆನಪುಂಟಾ?” ಎಂದಳು ಸುಪ್ರೀತಾ. “ಓದಿದ ಮೇಲೆ ನಾನು ಮತ್ತೆ ಮತ್ತೆ ನೋಡಿದೆ. ಯೇಸು ಕ್ಷಮಿಸಿದ್ದು ಮಲಗಿದ್ದವನನ್ನು. ಆದ್ರೆ ನೋಡಿದ್ದು ಅವರ ನಂಬಿಕೆ ಅಂತ ಉಂಟು. ಹೊತ್ತವರದ್ದು. ಅವನು ಒಂದು ಮಾತೂ ಆಡಿಲ್ಲ.”

“ಅವನು ಬದುಕಿದ್ದ ಅಲ್ವಾ ಸುಪ್ರೀತಕ್ಕ” ಎಂದಳು ಸ್ವೀಡಲ್, ತಲೆ ಎತ್ತದೆ.

“ಹೌದು. ಅದಕ್ಕೆ ನನ್ನಲ್ಲಿ ಉತ್ತರ ಇಲ್ಲ. ಬರೆದದ್ದು ಮಾತ್ರ ಹೇಳಿದೆ.”

ಪೂವಪ್ಪ ನಿಧಾನಕ್ಕೆ, ತನ್ನವರನ್ನು ತನ್ನ ಕೈಯಿಂದ ಯಾರೂ ಕಸಿಯಲಾರರು ಎಂದು ಕರ್ತನು ಹೇಳಿದ್ದನ್ನು ನೆನಪಿಸಿದರು. ಆ ಕೈಯಲ್ಲಿ ಯಾರು ಯಾರು ಇದ್ದಾರೆ ಎಂದು ತನಗೆ ಕಾಣುವುದಿಲ್ಲ, ಕೈ ಯಾರದೆಂದು ಗೊತ್ತು, ಅಷ್ಟೇ ಎಂದರು.

ಯೂನಿಸಮ್ಮ ಚಹಾ ಕುಡಿಯುತ್ತಾ ತನ್ನ ಪಾದದ ಬಳಿ ಬಾಗಿದ್ದ ಕಿರಿಸೊಸೆಯನ್ನು ನೋಡುತ್ತಿದ್ದರು.

“ಸ್ವೀಡಲ್, ನಿನ್ನ ಆ ಎರಡು ಮಕ್ಕಳು ಎಲ್ಲಿದ್ದಾರೆ?”

ಕೇಳಿದ್ದು ಚುಚ್ಚಲಿಕ್ಕಲ್ಲ. ಸ್ವೀಡಲ್ ತಡಮಾಡದೆ ಉತ್ತರಿಸಿದಳು. “ಯೇಸುವಿನ ಹತ್ರ.”

“ಸರಿಯಾಗಿ ಗೊತ್ತುಂಟಾ?”

“ಗೊತ್ತುಂಟು.”

“ಅವರು ಬಾಯಿಬಿಟ್ಟು ಒಪ್ಪಿಕೊಂಡಿದ್ರಾ?”

ಸ್ವೀಡಲಳ ಕೈಯಲ್ಲಿ ಟವೆಲ್ ನಿಂತಿತು. ಮೇಲಿನ ಹಾಲಿನಲ್ಲಿ ಯಾರೋ ಕೀಬೋರ್ಡ್ ಶ್ರುತಿ ನೋಡುವ ಸದ್ದು ಕೇಳುತ್ತಿತ್ತು.

“ನಾನು ಕೇಳಿಕೊಂಡಿದ್ದೆ ಮಾಮಿ” ಎಂದಳು ಕೊನೆಗೆ. “ಅವತ್ತು, ಪರದೆಯ ಹಿಂದೆ. ಇವುಗಳನ್ನು ನೀನೇ ಇಟ್ಟುಕೋ ಅಂತ ಹೇಳಿದ್ದೆ.”

“ಆತ ಇಲ್ಲ ಅಂದನಾ?”

“ಇಲ್ಲ. ಹಾಗೆ ಹೇಳುವವನಲ್ಲ ಆತ.”

“ಅದೇ” ಎಂದರು ಯೂನಿಸಮ್ಮ.

ಯೂನಿಸಮ್ಮ ಲೋಟ ಕೆಳಗಿಟ್ಟು, ಮೂರು ತಿಂಗಳ ಸುಶಾಂತನನ್ನು ದೀಕ್ಷಾಸ್ನಾನಕ್ಕೆ ಹೊತ್ತುಕೊಂಡು ಹೋದ ಭಾನುವಾರದ ಬಗ್ಗೆ ಹೇಳತೊಡಗಿದರು. ಹಣೆಗೆ ನೀರು ಬಿದ್ದದ್ದೇ ಅವನು ಪಾದ್ರಿಗಳ ಕನ್ನಡಕ ಎಳೆದನಂತೆ. ಇಡೀ ಸಭೆ ನಕ್ಕಿತಂತೆ. ಅವತ್ತು ತಾನೂ ಹೀಗೆಯೇ ಕೇಳಿಕೊಂಡಿದ್ದೆ, ಇವನನ್ನು ಇಟ್ಟುಕೋ ಎಂದು. ಇಷ್ಟು ವರ್ಷ ಆತ ಇಲ್ಲವೆಂದು ತಿರುಗಿ ಹೇಳಿಲ್ಲ. “ನಾನೇ ಅದನ್ನು ಲೆಕ್ಕದಿಂದ ಬಿಟ್ಟು, ಅವನು ಎಲ್ಲೋ ಬಿದ್ದುಹೋದ ಹಾಗೆ ಹುಡುಕ್ತಿದ್ದೆ” ಎಂದರು.

“ನಾನು ಹಾಗೆ ಹೇಳ್ಬಾರದಿತ್ತು ಮಾಮಿ” ಎಂದಳು ಸ್ವೀಡಲ್.

“ನೀನು ನಂಬಿದ್ದನ್ನು ಹೇಳಿದೆ. ಏಳು, ಮೊಣಕಾಲು ನೋಯ್ತದೆ.”

ಸಂಜೆ ಮೇಲಿನ ಹಾಲಿನಲ್ಲಿ ಪಾದ್ರಿಗಳು ಭೋಜನಕ್ಕೆ ಕರೆದಾಗ ಯೂನಿಸಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡು ಎದ್ದರು. ಕಾಲು ಹಿಡಿದಿರಲಿಲ್ಲ. ಸುಪ್ರೀತಾ ಹಿಂದೆ ನಡೆದಳು. ನೆನೆದ ಶೂ ಹೆಜ್ಜೆಹೆಜ್ಜೆಗೂ ಪಚಪಚ ಎನ್ನುತ್ತಿತ್ತು, ಬೆಂಚಿನಿಂದ ಪೀಠದವರೆಗೆ ಕಾರ್ಪೆಟ್ಟಿನ ಮೇಲೆ ನೀರಿನ ಗುರುತು ಬಿತ್ತು. ಮಗಳು ಬೆಂಚಿನಲ್ಲಿ ಅವಳ ಕೈಚೀಲ ಕಾಯುತ್ತಾ ಕೂತಿದ್ದಳು. ರೊಟ್ಟಿಯ ಚೂರು ಬಾಯಲ್ಲಿಟ್ಟುಕೊಂಡು ತಿರುಗಿದಾಗ ಸುಶಾಂತನದೇ ಭಂಗಿ ಕಂಡು ಸುಪ್ರೀತಾ ನಡುವೆಯೇ ನಿಂತುಬಿಟ್ಟಳು. ಆಮೇಲೆ ಹೋಗಿ ಮಗಳ ಪಕ್ಕ ಕೂತಳು.

*

ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಎಂದಿನ ಗಡಿಬಿಡಿ. ಸ್ವೀಡಲ್ ಟಿಫಿನ್ನಿಗೆ ನೀರುದೋಸೆ ಹುಯ್ಯುತ್ತಿದ್ದಳು. ವಿಕ್ಟರ್ ಅಮ್ಮನ ಟಿಕೆಟ್ ಯಾವ ದಿನಕ್ಕೆ ಅಗ್ಗವೆಂದು ಫೋನಿನಲ್ಲಿ ನೋಡುತ್ತಾ, ನೀರಿಗೆ ಇಳಿದು ಒಣಗಿ ವಾಪಸ್ ಬಂದವರಿಗೆ ವಿಮಾನ ಕಂಪನಿ ಏನಾದರೂ ರಿಯಾಯಿತಿ ಕೊಡುತ್ತದೆಯೇ ಎಂದು ಕೇಳಿ ಹೆಂಡತಿಯಿಂದ ಸೌಟಿನ ಪೆಟ್ಟು ತಿಂದ. ಯೂನಿಸಮ್ಮ ಮೊಮ್ಮಗಳ ಜಡೆ ಹೆಣೆಯುತ್ತಿದ್ದರು.

“ಅಜ್ಜಿ, ಆ ರೂಫ್ ಯಾರು ಸರಿ ಮಾಡಿದ್ದು? ಮಮ್ಮಿಗೆ ಗೊತ್ತಿಲ್ಲ.”

ಸುಪ್ರೀತಾ ಟಿಫಿನ್ ಡಬ್ಬಿ ಮುಚ್ಚುತ್ತಿದ್ದವಳು ತಿರುಗಿ ನೋಡಿದಳು. ಅವಳಿಗೂ ಕೇಳಬೇಕೆನಿಸಿತು.

“ಬಿಚ್ಚಿದವರೇ ಸರಿ ಮಾಡಿರ್ಬೇಕು” ಎಂದರು ಯೂನಿಸಮ್ಮ, ರಿಬ್ಬನ್ನಿನ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡೇ.

“ಆ ಮಲಗಿದ್ದವನು ಹೆಲ್ಪ್ ಮಾಡ್ಲಿಲ್ವಾ?”

“ಅವನು ಎದ್ದು ಹಾಸಿಗೆ ಹೊತ್ತುಕೊಂಡು ಮನೆಗೆ ಹೋದ ಅಂತ ಬರೆದುಂಟಲ್ಲ. ಅವನ ಕೆಲಸ ಆಯ್ತು.” ಗಂಟು ಬಿಗಿದು, ಜಡೆಯನ್ನು ಮುಂದಕ್ಕೆ ಹಾಕಿದರು. “ಉಳಿದ ಕೆಲಸ ಉಳಿದವರದ್ದು.”

ಕೆಳಗೆ ಶಾಲೆಯ ಬಸ್ಸು ಹಾರ್ನ್ ಹೊಡೆಯಿತು. ಸುಪ್ರೀತಾ ಮಗಳ ಚೀಲ ಎತ್ತಿಕೊಂಡಳು. ಬಾಗಿಲ ಬಳಿ ಇಟ್ಟಿದ್ದ ಶೂ ಇನ್ನೂ ಒಣಗಿರಲಿಲ್ಲ. ಅದನ್ನೇ ಮೆಟ್ಟಿಕೊಂಡು ಹೊರಟಳು.